ದೊಡ್ಡಮ್ಮನ ತವರಿನ ಮೀನು

ನೀರಿನ ಚೊಂಬನ್ನು ಬಾಯಿಗೆತ್ತುವ ಮೊದಲು ಒಳಗೊಮ್ಮೆ ಇಣುಕುವ ಚಟ ನನಗಿದೆ. ಮುಖಾರವಿಂದವನ್ನು ನೋಡಿಕೊಳ್ಳುತ್ತಾನೆಂದು ಮನೆಯವರು ನಗುತ್ತಾರೆ. ಸಿಡುಬಿನ ಕಲೆಗಳ ಈ ವದನದಲ್ಲಿ ನೋಡುವಂಥದ್ದೇನೂ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ಓದುಗ ಮಹಾಶಯರೇ, ನಾನು ಹುಡುಕುವುದು ಮೀನನ್ನು.

ಬೀರೂರಿನ ಬಳಿಯ ನಮ್ಮ ಹಳ್ಳಿಯಲ್ಲಿ, ಮದುವೆಯಾಗಿ ಬಂದ ಹೆಣ್ಣು ತವರಿನ ಹಳ್ಳದ ನಾಲ್ಕಾರು ಮೀನುಗಳನ್ನು ತಂಬಿಗೆಯಲ್ಲಿ ತಂದು ಗಂಡನ ಮನೆಯ ಬಾವಿಗೆ ಬಿಡುವ ಪದ್ಧತಿಯಿತ್ತು. ಹುಳುಹುಪ್ಪಟೆ ತಿಂದು ನೀರನ್ನು ಶುದ್ಧವಾಗಿಡುವ ಆ ಜೀವಗಳು ಕೊಡದಲ್ಲಿ ಬಂದರೆ, ಮರಳಿ ಬಾವಿಗೆ ಬಿಡದೆ ಯಾರೂ ನೀರು ಮುಟ್ಟುತ್ತಿರಲಿಲ್ಲ. ನನ್ನ ದೊಡ್ಡಮ್ಮ ತಂದದ್ದು ತರೀಕೆರೆಯ ಗುಡ್ಡದಡಿಯ ಹಳ್ಳದ ಮೀನು. ಆ ಹಳ್ಳವನ್ನು ನಾನೂ ಕಂಡಿದ್ದೇನೆ: ಮೊಣಕಾಲುದ್ದದ ತಿಳಿನೀರು, ನುಣ್ಣನೆಯ ಬೆಣಚುಕಲ್ಲು, ಪಕ್ಕೆಗೆ ಕಪ್ಪು ಗೆರೆಯೆಳೆದುಕೊಂಡ ಕಿರುಬೆರಳಿನಷ್ಟುದ್ದದ ಮೀನುಗಳು, ಪ್ರವಾಹಕ್ಕೆ ಎದುರಾಗಿ ಈಜುತ್ತಲೇ ಇದ್ದಲ್ಲೇ ನಿಂತಿದ್ದವು. ಇಷ್ಟು ಪರಿಶ್ರಮಪಟ್ಟು ಎಲ್ಲಿಗೂ ಹೋಗದಿರುವ ವಿದ್ಯೆ ನನಗೂ ಸಿದ್ಧಿಸಿದೆ, ಆ ಲಾವಣ್ಯ ಮಾತ್ರ ಬಂದಿಲ್ಲ. ಪ್ಲೇಗಿನಲ್ಲಿ ತವರುಮನೆ ಬರಿದಾದ ಮೇಲೆ, ದೊಡ್ಡಮ್ಮನಿಗೆ ತವರಿನವರೆಂದು ಉಳಿದದ್ದು ಬಾವಿಯ ಮೀನುಗಳೇ.

ಒಂದು ಬೇಸಿಗೆ ಪಕ್ಕದ ಊರಿಗೆ ಕಾಲರಾ ಬಂತು. ಊರೆಲ್ಲ ನೀರು ಸೇದುತ್ತಿದ್ದ ನಮ್ಮ ಮನೆಯ ಬಾವಿಗೆ ಔಷಧ ಹಾಕಲು ಸರ್ಕಾರದ ಇನ್‌ಸ್ಪೆಕ್ಟರು ಬಂದಾಗ ದೊಡ್ಡಮ್ಮ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಮೀನುಗಳನ್ನೆಲ್ಲ ಕೊಡಕ್ಕೆ ಹಿಡಿಸಿದ ಮೇಲೆಯೇ ಔಷಧ ಬೀಳಗೊಟ್ಟಳು. ನೀರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಮರುದಿನ ಬಣ್ಣ ತಿಳಿಯಾದರೂ ಒಬ್ಬರೂ ಹಗ್ಗ ಮುಟ್ಟಲೊಲ್ಲರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದ ನಾನು ಔಷಧದ ಗುಣವನ್ನು ಎಲ್ಲರಿಗೂ ವಿವರಿಸುತ್ತ, ಮಜ್ಜಿಗೆ ಕುಡಿಯುತ್ತಿದ್ದೆ.

"ಮೊದ್ಲು ಮೀನು ಬಿಟ್ಟು ನೋಡಾನ ಕಣಮ್ಮ. ಅವು ಬದುಕುದ್ರೆ ನಾವು ಕುಡಿಯಾನ" ಎಂದ ಪಟೇಲ.

ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. "ತವರಿನೋರ್ನ ಪರೀಕ್ಷೆಗೆ ತಳ್ಳಾಕಾಯ್ತದೇನಪ್ಪಾ? ಅವಕ್ಕಿಂತ ಮುಂಚೆ ನಾನಿಲ್ವಾ?"

ಹಾಗೆಂದವಳೇ ನೀರು ಸೇದಿ, ಚೊಂಬು ತುಂಬ ಕುಡಿದು, ಮೀನಿನ ಕೊಡವನ್ನು ತಬ್ಬಿಕೊಂಡು ಕಟ್ಟೆಯ ಮೇಲೆ ಕುಳಿತಳು. ಊರೆಲ್ಲ ಅವಳ ಮುಖವನ್ನೇ ನೋಡುತ್ತಿತ್ತು. ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ. ಹೊತ್ತು ಇಳಿದರೂ ಅವಳಿಗೆ ಏನೂ ಆಗಲಿಲ್ಲ. ಆಮೇಲೆ ಕೊಡವನ್ನು ಮೆಲ್ಲನೆ ಬಾವಿಗಿಳಿಸಿ ಬಗ್ಗಿಸಿದಳು. ಮೀನುಗಳು ತಳ ಸೇರಿದ್ದನ್ನು ಕಣ್ಣಾರೆ ಕಂಡ ಮೇಲೆ ಊರಿನ ಕೊಡಗಳು ಸಾಲುಗಟ್ಟಿದವು.

ಈಗ ನಮ್ಮ ಮನೆಗೆ ಬರುವುದು ನಲ್ಲಿಯ ನೀರು. ಮೀನು ಸಿಗದೆಂದು ಗೊತ್ತಿದ್ದೂ ಚೊಂಬಿನಲ್ಲಿ ಇಣುಕುತ್ತೇನೆ. ಮಕ್ಕಳಿಗೆ ಕೊಡುವ ನೀರಿಗೆ ಮಾತ್ರ ಇಣುಕುವುದಿಲ್ಲ. ಮೊದಲ ಗುಟುಕನ್ನು ನಾನೇ ಎತ್ತಿ ಕುಡಿದು, ಆಮೇಲೆ ಕೊಡುತ್ತೇನೆ.