ನಾನು ಓಗೊಟ್ಟ ಕೂಗು

ಇದನ್ನು ಹೇಳಿದಾಗಲೆಲ್ಲ ಜನ ಮೊದಲು ಕೇಳುವುದು, “ಅವತ್ತು ಕುಡಿದಿದ್ರಾ?” ಎಂದು. ನಾನು ಕುಡಿಯುವವನಲ್ಲ. ಅಂದು ನನ್ನ ಮಗ್ಗುಲಲ್ಲೇ ಕೂತಿದ್ದ ಸ್ವಾಮಣ್ಣ ಪಿರಿಯಾಪಟ್ಟಣದ ಕಡೆ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ. ಅವನ ಕಿವಿಗೂ ಅದು ಬಿದ್ದಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಉಪ್ಪು ಖಾರ ಹಚ್ಚುವುದಿಲ್ಲ… ಹಚ್ಚುವ ಧೈರ್ಯವೂ ನನಗಿಲ್ಲ.

ನಮ್ಮೂರು ಸರಗೂರಿನಿಂದಾಚೆ, ಕಾಡಿನ ಅಂಚಿನಲ್ಲಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದು ಸಹಿ ಹಾಕಿದವನು ನಾನೇ ಮೊದಲು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಹಗಲು ಕೂಲಿ ಮಾಡಿ ರಾತ್ರಿ ಓದಿ, ಮೂರನೇ ಸಲಕ್ಕೆ ಬಿ.ಕಾಂ. ದಾಟಿಕೊಂಡೆ. ಅಂಕಪಟ್ಟಿ ಹಿಡಿದು ಮೈಸೂರು ಸುತ್ತಿದ್ದೇ ಬಂತು. ಕೊನೆಗೆ ಕೆಲಸ ಸಿಕ್ಕಿದ್ದು ಆಫ್ರಿಕಾದಲ್ಲಿ!

ಅದು ತೊಂಬತ್ತರ ದಶಕದ ಕೊನೆ. ಟಾಂಜಾನಿಯಾದ ಕಾಡಿನಲ್ಲಿ ಒಂದು ಬೇಟೆ ಕ್ಯಾಂಪು. ಅಲ್ಲಿ ಲೈಸೆನ್ಸು ಪಡೆದು ಬೇಟೆಯಾಡಬಹುದು. ದುಡ್ಡಿರುವ ವಿದೇಶಿಯರು ಕಾಡೆಮ್ಮೆ, ಸಿಂಹ ಹೊಡೆಯಲು ಬರುತ್ತಿದ್ದರು. ಅವರನ್ನು ನಾವು ‘ದೊರೆಗಳು’ ಎನ್ನುತ್ತಿದ್ದೆವು. ಕ್ಯಾಂಪಿನ ಅಡುಗೆಗಿದ್ದ ಸ್ವಾಮಣ್ಣನೇ ನನ್ನನ್ನು ಕರೆಸಿಕೊಂಡದ್ದು. ಯಾವ ಪ್ರಾಣಿಗೆ ಯಾರ ಗುಂಡು ಬಿತ್ತು, ಕೊಂಬು ಎಷ್ಟುದ್ದ ಎಂದು ಬರೆದಿಡುವುದು ನನ್ನ ಕೆಲಸ. ಕೊಂಬು, ಚರ್ಮ ದೊರೆಗಳಿಗೆ. ಮಾಂಸ ಪಕ್ಕದ ಹಳ್ಳಿಗೆ. ಆ ಮಾಂಸ ಹಂಚಲು ಹೋಗಿ ಹೋಗಿ ಹಳ್ಳಿಯ ನಂಟು ಬೆಳೆಯಿತು.

ಹಮೀಸಿ ಆ ಹಳ್ಳಿಯವನು. ಬೇಟೆಯವರ ಮುಂದೆ ಹೆಜ್ಜೆ ಹಿಡಿದು ನಡೆಯುವುದು ಅವನ ಕೆಲಸ. ಬಗ್ಗಿದ ಹುಲ್ಲು ನೋಡಿಯೇ ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ ಹೋಯಿತು ಎನ್ನುತ್ತಿದ್ದ. ಐವತ್ತು ದಾಟಿದ ಮನುಷ್ಯ. ನಾನು ಹಮೀಸಣ್ಣ ಎಂದೇ ಕರೆಯುತ್ತಿದ್ದೆ. ಮೊದಲ ಸಲ ಅವನ ಮನೆಗೆ ಹೋದಾಗ ಹೆಂಡತಿ ಆಶಾ (ಆ ಹೆಸರು ಅಲ್ಲೂ ಇದೆ) ಮುಸುಕಿನ ಜೋಳದ ಬಿಳಿ ಮುದ್ದೆ ಇಟ್ಟಳು. ನಾನು ರಾಗಿಮುದ್ದೆಯಂತೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಹಮೀಸಿ ಬೆನ್ನು ತಟ್ಟಿ ಇನ್ನೊಂದು ಮುದ್ದೆ ಇಟ್ಟ. ಊರು ಬಿಟ್ಟ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಸ್ವಾಮಣ್ಣ ರೇಗಿಸುತ್ತಿದ್ದ. “ನಾನ್ ಬೇಯ್ಸಿದ್ದು ಸೇರಕ್ಕಿಲ್ಲ ನಿಂಗೆ. ಅಲ್ಲೇ ಮದ್ವೆ ಆಗ್ಬುಡ್ಲಾ. ಆದ್ರೆ ಇಲ್ಲಿ ವರದಕ್ಷಿಣೆ ಇಲ್ಲ ಕಣ, ಅಸ ಒಡ್ಕೊಂಡ್ ಓಗಿ ನೀನೇ ಕೊಡ್ಬೇಕಾಯ್ತದೆ!”

ಹೀಗಿರುವಾಗ ಒಂದು ಸಂಜೆ ಒಬ್ಬ ದೊರೆ ಕಾಡೆಮ್ಮೆಗೆ ಹೊಡೆದ. ಗುಂಡು ಸರಿಯಾಗಿ ತಾಗಲಿಲ್ಲ. ಗಾಯಗೊಂಡ ಪ್ರಾಣಿ ಮುಳ್ಳುಪೊದೆಗೆ ನುಗ್ಗಿ, ಹಿಂದೆ ಹೋದವರ ಮೇಲೆ ತಿರುಗಿ ಬಿತ್ತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡಿದರು. ದೊರೆ ಬಿದ್ದು ಪಕ್ಕೆಲುಬು ಮುರಿದುಕೊಂಡ. ಅವನನ್ನು ಜೀಪಿಗೆ ಎತ್ತಿ ಹಾಕಿಕೊಂಡು ಕ್ಯಾಂಪಿಗೆ ಬಂದು ತಲೆ ಎಣಿಸಿದರೆ… ಹಮೀಸಿ ಇಲ್ಲ.

ಇದ್ದದ್ದು ಒಂದೇ ಜೀಪು. ಅದು ದೊರೆಯನ್ನು ಹೊತ್ತು ದೂರದ ಆಸ್ಪತ್ರೆಗೆ ಹೋಯಿತು. ಕೋವಿಗಳೂ ಅದರ ಜೊತೆಯಲ್ಲೇ ಹೋದವು. ಬೆಳಗಾಗುವವರೆಗೆ ಹಮೀಸಿಯನ್ನು ಹುಡುಕಲು ನಮ್ಮಲ್ಲಿ ಏನೂ ಉಳಿಯಲಿಲ್ಲ.

ಸುದ್ದಿ ತಿಳಿದು ಆಶಾ ಹಳ್ಳಿಯ ಇಬ್ಬರು ಮುದುಕರೊಂದಿಗೆ ಬಂದಳು. ಅಳಲಿಲ್ಲ. ಸೌದೆ ತಂದು ಸುರಿದಳು.

“ಬೆಂಕಿ ದೊಡ್ಡದು ಮಾಡಿ. ಅವನು ಬೆಳಕು ನೋಡಿ ಬರುತ್ತಾನೆ. ಆದರೆ ಯಾರೂ ಕರೆಯಬೇಡಿ. ಕತ್ತಲಿಂದ ಏನು ಕೇಳಿದರೂ ಓಗೊಡಬೇಡಿ” ಎಂದಳು.

ನನಗೆ ಬರುತ್ತಿದ್ದ ಹರಕು ಸ್ವಾಹಿಲಿಯಲ್ಲಿ ಕೇಳಿದೆ, “ಯಾಕೆ?”

“ಓಗೊಟ್ಟವನ ಧ್ವನಿ ಅದಕ್ಕೆ ಸಿಗುತ್ತದೆ. ಆಮೇಲೆ ಅದು ಆ ಧ್ವನಿಯಲ್ಲೇ ಕರೆಯುತ್ತದೆ.”

“ಅದು ಅಂದರೆ?”

ಅವಳು ಬೆಂಕಿಗೆ ಇನ್ನೊಂದು ಸೌದೆ ನೂಕಿದಳು. ಮುದುಕರು ನೆಲ ನೋಡಿದರು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ನಗು ಬಂತು. ಇಂಥ ಮಾತುಗಳನ್ನು ದಾಟಿ ಬರುವುದಕ್ಕೆಂದೇ ಓದಿದವನು ನಾನು.

ಹೊತ್ತು ಸರಿಯಿತು. ಒಣಗಿದ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಸುಟ್ಟ ಹುಲ್ಲಿನ ವಾಸನೆ. ಜೀರುಂಡೆಗಳ ಚಿರ್ರೋ ಸದ್ದು. ಆಗ, ಬಹಳ ದೂರದಿಂದ, ತೆಳ್ಳಗೆ… “ಊ…”

ಎಲ್ಲರೂ ಕೇಳಿಸಿಕೊಂಡೆವು. ಯಾರೂ ಅಲುಗಲಿಲ್ಲ.

ಮತ್ತೆ, “ಊ…”

ಇಲ್ಲಿ ನಮ್ಮೂರಿನ ಒಂದು ವಿಷಯ ಹೇಳಬೇಕು. ರಾಗಿ ತೆನೆ ಕಟ್ಟಿತೆಂದರೆ ನಮ್ಮಲ್ಲಿ ಗಂಡಸರೆಲ್ಲ ರಾತ್ರಿ ಮರದ ಮೇಲಿನ ಅಟ್ಟಣೆಯಲ್ಲೇ. ಆನೆ ಕಾವಲು. ಒಬ್ಬ ‘ಕೂ…’ ಎಂದರೆ ಪಕ್ಕದ ಹೊಲದವನು ‘ಕೂ…’ ಎನ್ನಬೇಕು. ಓಗೊಡದಿದ್ದರೆ ಅವನಿಗೆ ಏನೋ ಆಗಿದೆಯೆಂದು ದೊಂದಿ ಹಿಡಿದು ಓಡುತ್ತಾರೆ. ಕೇಳಿಯೂ ಸುಮ್ಮನಿರುವವನನ್ನು ನಮ್ಮೂರು ಮನುಷ್ಯ ಎನ್ನುವುದಿಲ್ಲ. ಆರನೇ ವಯಸ್ಸಿನಿಂದಲೇ ಅಪ್ಪನ ಜೊತೆ ಅಟ್ಟಣೆಯಲ್ಲಿ ಮಲಗಿದವನು ನಾನು. ಕತ್ತಲಲ್ಲಿ ಒಬ್ಬ ಕೂಗಿದರೆ ನನ್ನ ಗಂಟಲು ನನ್ನನ್ನು ಕೇಳುವುದಿಲ್ಲ.

ಎದ್ದು ನಿಂತು, ಕೈ ಬಾಯಿಗೆ ಹಿಡಿದು, ಎದೆಯಾಳದಿಂದ ಕೂಗಿದೆ.

“ಕೂ…!”

ಆಶಾ ನನ್ನ ಅಂಗಿ ಹಿಡಿದು ಎಳೆದ ರಭಸಕ್ಕೆ ಗುಂಡಿ ಕಿತ್ತು ಬೆಂಕಿಗೆ ಬಿತ್ತು.

ಜೀರುಂಡೆಗಳು ನಿಂತವು. ಒಂದೇ ಸಲಕ್ಕೆ, ಯಾರೋ ಬಾಯಿ ಮುಚ್ಚಿದ ಹಾಗೆ…

ಆಮೇಲೆ ಹೊಳೆಯ ಕಡೆಯಿಂದ ಬಂತು. “ಕೂ…!”

ಸ್ವಾಮಣ್ಣ ಪಿಸುಗುಟ್ಟಿದ, “ಸಾಕು ಬುಡ್ಲಾ. ಯಾಕ್ಲಾ ಎಲ್ಡ್ ಸಲ ಕೂಗ್ದೆ?”

“ನಾನ್ ಕೂಗಿದ್ದು ಒಂದೇ ಸಲ, ಸ್ವಾಮಣ್ಣ.”

ಬೆಂಕಿಯ ಬೆಳಕಿನಲ್ಲಿ ಅವನ ಮುಖ ಬಿಳಿಚಿಕೊಂಡಿತು. ನನ್ನ ಧ್ವನಿ ಕೊನೆಯಲ್ಲಿ ಸ್ವಲ್ಪ ಒಡೆಯುತ್ತದೆ. ಆ ಕೂಗೂ ಅಲ್ಲೇ, ಅಷ್ಟೇ ಒಡೆದಿತ್ತು.

“ಪ್ರತಿಧ್ವನಿ ಇರಬೇಕು” ಎಂದೆ. ಹಾಗೆನ್ನುವಾಗಲೇ ನನಗೆ ಗೊತ್ತಿತ್ತು: ಕ್ಯಾಂಪಿನ ಸುತ್ತ ಬಟಾಬಯಲು. ಧ್ವನಿ ಬಡಿದು ಮರಳಲು ಒಂದು ದಿಬ್ಬವೂ ಇರಲಿಲ್ಲ.

ಮುಂದಿನ ಕೂಗು ಇನ್ನೂ ದೂರದಿಂದ ಬಂತು. ಅದರ ಮುಂದಿನದು ಎಡಕ್ಕೆ. ಮತ್ತೊಂದು ತೀರ ಹತ್ತಿರ, ಸ್ವಾಮಣ್ಣನ ಅಡುಗೆ ಡೇರೆಯ ಹಿಂದೆ. ಅದರ ಜೊತೆಗೇ ಒಂದು ವಾಸನೆ… ನೆನೆದ ಕೂದಲು, ಹಳಸಿದ ರಕ್ತ. ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ನನಗೇ ತಿಳಿಯದೆ ನಾನೇ ಕೂಗುತ್ತಿದ್ದೇನೋ ಎಂಬ ಭಯ! ಬಾಯಿ ಮುಚ್ಚಿದ್ದೆ. ಆದರೂ ನನ್ನ ಧ್ವನಿ ಕತ್ತಲಲ್ಲಿ ಅಡ್ಡಾಡುತ್ತಿತ್ತು.

“ಮಸಣಿಕಮ್ಮ… ತಾಯಿ… ಊರ್ ಸೇರ್ಸವ್ವ…” ಸ್ವಾಮಣ್ಣ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದ.

ಆಮೇಲೆ ಅದು ಹೊಳೆ ದಾಟಿ ಆಚೆ ಹೋಯಿತು. ಆಶಾ ಆ ದಿಕ್ಕಿಗೆ ನೋಡಿ, ಮೊದಲ ಸಲ ಅತ್ತಳು. ಮೆಲ್ಲಗೆ ನನ್ನತ್ತ ತಿರುಗಿ ಹೇಳಿದಳು, “ಈಗ ಅದು ಅವನ ಹತ್ತಿರ ಹೋಗುತ್ತಿದೆ. ನಿನ್ನ ಧ್ವನಿ ಅವನಿಗೆ ಗೊತ್ತು. ನೀನು ಕರೆದರೆ ಅವನು ಬರುತ್ತಾನೆ.”

ಆ ರಾತ್ರಿಯ ಉಳಿದ ಹೊತ್ತನ್ನು ಹೇಗೆ ಕಳೆದೆನೋ ಹೇಳಲಾರೆ.

ಬೆಳಕು ಹರಿಯುತ್ತಲೇ ಜೀಪು ಬಂತು. ಹಳ್ಳಿಯವರೂ ಸೇರಿದರು. ಕಾಡೆಮ್ಮೆ ಪೊದೆಯ ಹತ್ತಿರವೇ ಸತ್ತು ಬಿದ್ದಿತ್ತು, ಸೆಟೆದುಕೊಂಡಿತ್ತು. ಮುದುಕನೊಬ್ಬ ಮುಟ್ಟಿ ನೋಡಿ, ಸಂಜೆಯೇ ಸತ್ತಿದೆ ಎಂದ.

ಹಮೀಸಿ ಸಿಕ್ಕಿದ್ದು ಹೊಳೆಯಾಚೆ, ಒಂದು ಮರದ ಮೇಲೆ. ಬದುಕಿದ್ದ! ಕೊಂಬೆಯನ್ನು ತಬ್ಬಿ ಕೂತಿದ್ದ. ನನಗೆ ಸಂತೋಷ ತಡೆಯಲಾಗಲಿಲ್ಲ. ಎಲ್ಲರಿಗಿಂತ ಮುಂದೆ ಓಡಿ ಕೂಗಿದೆ, “ಹಮೀಸಣ್ಣ! ನಾನು! ಇಳಿ!”

ಅವನು ನನ್ನನ್ನು ನೋಡಿದ ನೋಟ ಯಾವ ಶತ್ರುವಿಗೂ ಬೇಡ. ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ಇನ್ನೂ ಮೇಲಿನ ಕೊಂಬೆಗೆ ಹತ್ತತೊಡಗಿದ. ಕಾಲು ಜಾರಿತು. ಕೊಂಬೆ ಹಿಡಿದು ಹೇಗೋ ನಿಂತ. ಆಶಾ ನನ್ನ ತೋಳು ಹಿಡಿದು ಹಿಂದಕ್ಕೆ ನೂಕಿ, ತಾನು ಮರದ ಕೆಳಗೆ ನಿಂತು ಮೃದುವಾಗಿ ಕರೆದಳು. ಬಹಳ ಹೊತ್ತು ಕರೆದಳು. ಆಮೇಲೆ ಇಳಿದ.

ಮರದ ಬುಡದಲ್ಲಿ ಮೆತ್ತನೆಯ ಮರಳು. ಮುದುಕರು ಅಲ್ಲಿ ಕುಕ್ಕರಿಸಿ ನೋಡಿದರು. ನಮ್ಮ ಈಗಿನ ಹೆಜ್ಜೆ ಬಿಟ್ಟರೆ ಒಂದು ಹೆಜ್ಜೆಯೂ ಇರಲಿಲ್ಲ. ಸಂಜೆ ಓಡಿ ಬಂದು ಮರ ಹತ್ತಿದ ಹಮೀಸಿಯ ಹೆಜ್ಜೆಯೂ ಇರಲಿಲ್ಲ. ಹೆಜ್ಜೆ ಓದಿಯೇ ಬದುಕುವ ಆ ಜನ ಪರಸ್ಪರ ಮುಖ ನೋಡಿಕೊಂಡು ಎದ್ದುಬಿಟ್ಟರು.

ನೀರು ಕುಡಿದ ಮೇಲೆ ಹಮೀಸಿ ಹೇಳಿದ. ರಾತ್ರಿಯೆಲ್ಲ ನಾನು ಮರದ ಕೆಳಗೆ ನಿಂತು ಕರೆದೆನಂತೆ. ಎರಡು ಸಲ ಅರ್ಧ ಇಳಿದನಂತೆ. ಕೆಳಗೆ ಕತ್ತಲಲ್ಲಿ ನಿಂತಿದ್ದುದರ ಉಸಿರಾಟದ ಸದ್ದು ಮಾತ್ರ ಕೇಳಲಿಲ್ಲವಂತೆ. ಅದಕ್ಕೇ ಮತ್ತೆ ಹತ್ತಿದನಂತೆ.

“ನಾನು ಏನೆಂದು ಕರೆದೆ?” ಎಂದು ಸನ್ನೆಯಲ್ಲೇ ಕೇಳಿದೆ.

ಕನ್ನಡದ ಒಂದಕ್ಷರವೂ ತಿಳಿಯದ ಹಮೀಸಿ, ಕೇಳಿಸಿಕೊಂಡದ್ದನ್ನು ತೊದಲುತ್ತ ಒಪ್ಪಿಸಿದ.

“ಆನೆ… ಓಯ್ತು… ಇಳ್ದು ಬಾ… ಆನೆ ಓಯ್ತು… ಇಳ್ದು ಬಾ…”

ಸ್ವಾಮಣ್ಣನ ಕೈಯಲ್ಲಿದ್ದ ನೀರಿನ ಕ್ಯಾನು ಕೆಳಗೆ ಬಿತ್ತು.

ಆನೆ ಹೊಲ ಬಿಟ್ಟು ಹೋದ ಮೇಲೆ, ನಮ್ಮಪ್ಪ ಅಟ್ಟಣೆಯ ಕೆಳಗೆ ನಿಂತು ನನಗೆ ಹೇಳುತ್ತಿದ್ದ ಮಾತದು. ಆ ದೇಶದಲ್ಲಿ ನಾನು ಯಾರ ಮುಂದೆಯೂ ಅದನ್ನು ಆಡಿರಲಿಲ್ಲ. ನಾನು ಕತ್ತಲಿಗೆ ಕೊಟ್ಟಿದ್ದು ಬರಿಯ ಒಂದು ‘ಕೂ’. ಉಳಿದದ್ದನ್ನು ಅದು ಎಲ್ಲಿಂದ ತೆಗೆದುಕೊಂಡಿತು?

ಹಳ್ಳಿಯವರು ನನ್ನನ್ನು ಬೈಯಲಿಲ್ಲ. ಮಾಂಸ ತೆಗೆದುಕೊಂಡು ಹೋದರೆ ಮೊದಲಿನಂತೆಯೇ ಊಟಕ್ಕೆ ಇಡುತ್ತಿದ್ದರು. ನಾನು ಬಾಯಿ ತೆರೆದರೆ ಮಾತ್ರ ಮಕ್ಕಳು ಒಳಗೆ ಓಡುತ್ತಿದ್ದವು. ಎರಡು ತಿಂಗಳು ಹಾಗೇ ಮೂಗನಂತೆ ಓಡಾಡಿ, ಕೆಲಸ ಬಿಟ್ಟೆ.

ಹೊರಡುವ ದಿನ ಹಮೀಸಿ ಲಾರಿಯವರೆಗೂ ಬಂದ. ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. ಹೋಗಿ ಬರುತ್ತೇನೆ ಎನ್ನಲು ತುಟಿ ಬಿಚ್ಚಿದೆ. ತಟ್ಟನೆ ಅವನ ಅಂಗೈ ನನ್ನ ಬಾಯಿ ಮುಚ್ಚಿತು.

ಮಾತಾಡದೆ ಲಾರಿ ಹತ್ತಿದೆ.

“ಕತ್ತೆಕಿರುಬ ಕಣ್ಲಾ, ಅದು ಅಂಗೇ ಊಳಿಡ್ತದೆ” ಎನ್ನುತ್ತಾನೆ ಸ್ವಾಮಣ್ಣ ಈಗ. ಹಗಲು ಹೊತ್ತಿನಲ್ಲಿ ಮಾತ್ರ ಹಾಗೆನ್ನುತ್ತಾನೆ. ಓದಿದವನಾದ ನನಗೂ ಅಂಥ ಹತ್ತು ಕಾರಣ ಹೇಳಲು ಬರುತ್ತದೆ. ಆದರೆ ಆ ಕಾಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಇಬ್ಬರೂ ಬೆಂಕಿಯ ಮುಂದೆ ಕೂತಿದ್ದೆವು.

ನಾನು ಊರಿಗೆ ಬಂದುಬಿಟ್ಟೆ. ಅದು ಅಲ್ಲೇ ಉಳಿಯಿತು. ಇವತ್ತು ಕತ್ತಲಾದ ಮೇಲೆ, ಆ ಹೊಳೆಯ ದಂಡೆಯಲ್ಲಿ, ಮರ ಹತ್ತಿ ಕೂತ ಯಾವನೋ ಬಡಪಾಯಿಯನ್ನು ನನ್ನ ಧ್ವನಿ ಕರೆಯುತ್ತಿದ್ದರೆ…

ಇಳಿಯಬೇಡಪ್ಪ ಎಂದು ಇಲ್ಲಿಂದ ಹೇಗೆ ಕೂಗಿ ಹೇಳಲಿ?