ಬಿಳಿ ಬಟ್ಟೆ ಹೊದ್ದ ಆಮೆ

ಬಲೆ ಎಳೆಯುವಾಗ ಯಾರೂ ಕೂಗದೇ ಇದ್ದುದನ್ನು ನಾನು ನೋಡಿದ್ದು ಕಳೆದ ಭಾನುವಾರವೇ ಮೊದಲು.

ಉಪ್ಪುಂದದ ಕಡಲ ತೀರ. ಬೆಳಿಗ್ಗೆ ಎಂಟು ಗಂಟೆ, ಚುರುಚುರು ಬಿಸಿಲು. ದಡದಿಂದ ಎಳೆಯುವ ಕೈರಂಪಣಿ ಬಲೆ. ಹಗ್ಗದ ಒಂದೊಂದು ತುದಿಗೂ ಮೂವತ್ತು ಜನ. ಬೇರೆ ದಿನವಾದರೆ ಆ ಗೌಜಿ ಕೇಳಬೇಕು! ಅವತ್ತು ಒಬ್ಬರ ಬಾಯಲ್ಲೂ ಸೊಲ್ಲಿಲ್ಲ. ಹಗ್ಗ ಮರಳಿಗೆ ಉಜ್ಜುವ ಸದ್ದು ಮಾತ್ರ.

"ಎಂತ ನಾಗಪ್ಪಣ್ಣ, ಎಲ್ಲ ಸುಮ್ನೆ ಇದ್ರಿ?" ಎಂದೆ, ಬಲೆಯ ಯಜಮಾನರ ಹತ್ತಿರ.

"ಶ್! ಇವತ್ ಮೀನಿಗಲ್ಲ ಮಾರಾಯ್ರೆ. ಮಂಜನ್ನ ಹುಡ್ಕುದ್. ಮನ್ಷರಿಗೆ ಬಲೆ ಹಾಕ್ದಾಗ ಕೂಗುಕಾಗ."

ಮಂಜನ ದೋಣಿ ಮಗುಚಿ ಮೂರು ದಿನವಾಗಿತ್ತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದ್ದರು. (ಪೇಪರಿನಲ್ಲಿ ನಾನೂ ಓದಿದ್ದೆ. ಓದಿ ಪುಟ ತಿರುವಿದ್ದೆ.) ಹುಡುಕುವ ಬೋಟು 'ಬರುತ್ತದೆ' ಎಂದು ಅಧಿಕಾರಿಗಳು ಅಂದಿದ್ದರಂತೆ, ಬರಲಿಲ್ಲ. ಮಂಜನ ಹೆಂಡತಿ ಜಲಜ ಮರಳಿನ ಮೇಲೆ ಕೂತಿದ್ದಳು, ಕೈಯಲ್ಲಿ ಮಡಿಸಿದ ಹೊಸ ಬಿಳಿ ಬಟ್ಟೆ. ಯಾತಕ್ಕೆಂದು ನಾನು ಕೇಳಲಿಲ್ಲ.

ಬಲೆ ದಡಕ್ಕೆ ಬಂತು. ಭಾರವಿತ್ತು. ತುದಿಯಲ್ಲಿ ಕಪ್ಪಗಿನದೇನೋ ಮಿಸುಕಿತು. ಎಳೆಯುತ್ತಿದ್ದವರು ಹಗ್ಗ ಬಿಟ್ಟು ಹಿಂದೆ ಸರಿದರು. ಜಲಜ ಎದ್ದು ನಿಂತಳು.

ಅದು ಆಮೆ. ದೊಡ್ಡ ಕಡಲಾಮೆ, ಮುಂಗಾಲಿನ ಹತ್ತಿರ ಗಾಯ.

"ಹ್ವಾಯ್, ಬೇಗ ಕುಂಕುಮ ಹಚ್ಚಿ ನೀರಿಗೆ ಬಿಡಿ. ಬಲೆ ಇನ್ನೊಂದ್ ಸಲ ಹಾಕುವ" ಎಂದರು ನಾಗಪ್ಪಣ್ಣ. ಬಲೆಗೆ ಬಂದ ಆಮೆ ಅವರಿಗೆ ದೇವರು, ತಡೆದಿಟ್ಟುಕೊಳ್ಳುವ ಹಾಗಿಲ್ಲ.

ತಡೆದದ್ದು ಯಾರು? ನಾನೇ! ನಿಮಗೆ ಗೊತ್ತಲ್ಲ ನನ್ನ ಆಮೆಯ ಹುಚ್ಚು? (ಇದೇ ಅಂಕಣದಲ್ಲಿ ಎಷ್ಟು ಸಲ ಕೊರೆದಿಲ್ಲ!) "ಅಳಿವಿನಂಚಿನ ಪ್ರಾಣಿ, ಗಾಯ ಬೇರೆ ಆಯ್ತ್" ಎಂದು ಹೊಸ ಮೊಬೈಲ್ ತೆಗೆದು ಪರಿಚಯದ ಅರಣ್ಯಾಧಿಕಾರಿಗೆ ಫೋನ್ ಮಾಡಿದೆ. "ಒದ್ದೆ ಬಟ್ಟೆ ಹೊದಿಸಿಡಿ ಸಾರ್, ಈಗ ಬಂದೆ" ಎಂದರು.

ಬಟ್ಟೆ ಎಲ್ಲಿದೆ? ಸುತ್ತ ನೋಡಿದೆ. ಜಲಜಳ ಕೈಯಲ್ಲಿದ್ದುದನ್ನು ತೆಗೆದುಕೊಂಡೆ. (ಹೌದು, ಕೇಳದೆಯೇ. ಬೈಯಿರಿ.)

ಕಡಲ ನೀರಲ್ಲಿ ಅದ್ದಿ ಹೊದಿಸಿದ ಮೇಲೆಯೇ ನಾನೇನು ಮಾಡಿದೆ ಎಂದು ಹೊಳೆದದ್ದು. ಮರಳಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ ಒಂದು ಆಕಾರ. ಸುತ್ತ ಅರವತ್ತು ಜನ ಮಾತಿಲ್ಲದೆ ನಿಂತಿದ್ದಾರೆ. ಬಟ್ಟೆ ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ. ಒಳಗಿನಿಂದ 'ಹುಸ್ಸ್' ಎಂಬ ಶಬ್ದ, ಥೇಟ್ ಮನುಷ್ಯರ ನಿಟ್ಟುಸಿರು!

ಜಲಜ ಬಂದು ಪಕ್ಕದಲ್ಲಿ ಕೂತಳು. ಬಟ್ಟೆಯ ಮೇಲೆ ಅಂಗೈ ಇಟ್ಟಳು.

"ಉಸ್ರಾಡ್ತಿತ್ತ್" ಎಂದಳು, ಯಾರಿಗೂ ಅಲ್ಲ.

ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು.

ಇಪ್ಪತ್ತೇ ನಿಮಿಷದಲ್ಲಿ ಜೀಪು ಬಂತು, ಡಾಕ್ಟರೂ ಬಂದರು. ಗಾಯ ತೊಳೆದು, ಮದ್ದು ಹಚ್ಚಿ, ಆಮೆಯನ್ನು ಕಡಲಿಗೆ ಬಿಡುವಾಗ ಹತ್ತೂವರೆ. ಅಷ್ಟರಲ್ಲಿ ನೀರಿನ ಸೆಳೆತ ಜೋರಾಗಿತ್ತು. "ಇನ್ನ್ ಇವತ್ ಬಲೆ ಬಿಡುಕಾತಿಲ್ಲ" ಎಂದು ನಾಗಪ್ಪಣ್ಣ ಹಗ್ಗ ಸುತ್ತತೊಡಗಿದರು.

ಆಮೆ ಉಳಿಯಬೇಕು. ಈಗಲೂ ನನ್ನ ವಾದ ಅದೇ. ಮನುಷ್ಯನೇ ಮೇಲೆ ಎನ್ನುವವರ ಜೊತೆ ನಾಳೆಯೂ ಜಗಳ ಕಾಯುತ್ತೇನೆ. ಆದರೆ ಜಲಜ ಜಗಳಕ್ಕೇ ಬರಲಿಲ್ಲ. ನನ್ನ ಮೊಬೈಲನ್ನು ನೋಡುತ್ತಾ ತಣ್ಣಗೆ ಕೇಳಿದಳು:

"ಅಣ್ಣಯ್ಯ, ನಮ್ಮವ್ರ ಸಲುವಾಗಿಯೂ ಒಂದ್ ಫೋನ್ ಮಾಡ್ಲಕ್ಕಿತ್ತಲ್ದಾ?"