ಮೆಟ್ಟಿಲ ಕೌದಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡಿತ್ತು. ಹೊಲಿಯುವಾಗ ದಾರ ಆ ಸೀಳಿಗೆ ಸಿಕ್ಕಿಬೀಳುತ್ತಿತ್ತು. ಆಗ ಬೆರಳನ್ನು ಬಾಯಿಗೆ ತಂದು, ದಾರವನ್ನು ಹಲ್ಲಿನಿಂದ ಮೆಲ್ಲಗೆ ಬಿಡಿಸಿ, ಮತ್ತೆ ಸೂಜಿ ಚುಚ್ಚುತ್ತಿದ್ದರು. ಕತ್ತರಿಸಿದರೂ ಆ ಉಗುರು ಸೀಳಾಗಿಯೇ ಬೆಳೆಯುತ್ತಿತ್ತು. "ಮದುವಿಯಾಗಿ ಬಂದ ವರ್ಷ ಮಿಲ್ಲಿನ ಬಾಗಲಾಗ ಸಿಕ್ಕಿದ್ದು," ಎಂದು ಒಮ್ಮೆ ಹೇಳಿದ್ದರು. "ಗಂಡ ಸುಧಾರಿಸಿದ, ಉಗುರು ಸುಧಾರಿಸಲಿಲ್ಲ."

ಹೊಸಪೇಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಅವರು. ಕಂಪ್ಲಿಯಲ್ಲಿ ಅವರದೊಂದು ಅಕ್ಕಿ ಮಿಲ್ಲು. ಗಂಡ ತೀರಿಕೊಂಡ ಮೇಲೆ ಮಗ ದಿನವೂ ಬೆಳಿಗ್ಗೆ ಅಲ್ಲಿಗೆ ಹೋಗಿ ಸಂಜೆ ಬರುತ್ತಿದ್ದ. ಕೆಳಗೆ ಅವರು, ಮಗ, ಸೊಸೆ. ಮೇಲಿನ ಕೋಣೆ, ಪುಟ್ಟ ಅಡುಗೆಮನೆ ನನಗೆ. ಯಶವಂತನಗರದ ಹತ್ತಿರದ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವುದು ನನ್ನ ಕೆಲಸ. ಬೀದಿಯ ಮೂಲೆಗೇ ಕಂಪನಿ ಬಸ್ಸು ಬರುತ್ತಿತ್ತು. ಅವರನ್ನು ನಾನು ಅಮ್ಮ ಎನ್ನುತ್ತಿದ್ದೆ. ಅವರಿಗೆ ನಾನು "ಹುಡುಗಿ."

ಅವರು ನನ್ನನ್ನು ಪ್ರೀತಿಸುತ್ತಿದ್ದರೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಹಾಗೆ ಹೇಳಿದ ಮೇಲೆ ಬಾಯಿ ಕಹಿಯಾಗುತ್ತದೆ. ಎರಡಕ್ಕೂ ಕಾರಣ ಆ ಮನೆಯ ಮೆಟ್ಟಿಲು.

ಮೆಟ್ಟಿಲು ಮನೆಯೊಳಗೇ ಇತ್ತು. ಪಡಸಾಲೆ ದಾಟಿದರೆ ದೇವರ ಕೋಣೆ, ಅದರ ಗೋಡೆಗೆ ಒತ್ತಿಕೊಂಡು ಕಪ್ಪು ಗ್ರಾನೈಟಿನ ಮೆಟ್ಟಿಲು. ಅವರ ಗಂಡ ತಾವೇ ನಿಂತು ಆರಿಸಿ, ಪಾಲಿಶ್ ಮಾಡಿಸಿದ ಕಲ್ಲು. ಹತ್ತುವಾಗ ನನ್ನ ಪಾದ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು.

ಆ ಮನೆ ಸಿಗುವ ಮುಂಚೆ ಊರಲ್ಲಿ ಬಹಳ ಬಾಗಿಲು ತಟ್ಟಿದ್ದೆ. ಮೊದಲು ಓದು, ಆಮೇಲೆ ಕಂಪನಿ, ಆಮೇಲೆ "ನೀವು ಯಾವ ಮಂದಿ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಆಗ ಅವರಿಗೆ ಅಕ್ಕನ ಮಗ ಬರುವುದು ನೆನಪಾಗುತ್ತಿತ್ತು, ಮನೆ ಖಾಲಿ ಇರುತ್ತಿರಲಿಲ್ಲ. ಇವರು ಮಾತ್ರ ಅದನ್ನು ಕೇಳಲಿಲ್ಲ. "ಮನ್ಯಾಗ ಮೊಟ್ಟಿ-ಮಾಂಸ ಬ್ಯಾಡ. ಗೇಟು ಹಾಕೂದು ಮರೀಬ್ಯಾಡ. ಅಷ್ಟ," ಎಂದರು. ಅದನ್ನು ನಾನು ಅವರ ದೊಡ್ಡತನ ಎಂದುಕೊಂಡೆ. ನನ್ನ ಬಟ್ಟೆ, ಮಾತು ನೋಡಿ ಉತ್ತರವನ್ನು ಅವರೇ ಊಹಿಸಿಕೊಂಡಿದ್ದರು ಎಂಬುದು ಆಗ ಹೊಳೆಯಲಿಲ್ಲ.

ಸಂಜೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ಅವರು ಕಟ್ಟೆಯ ಮೇಲಿರುತ್ತಿದ್ದರು. ನನ್ನ ಕಾಲಿನ ಕೆಂಪು ಧೂಳು ನೋಡಿ, "ಏನ್ ಹುಡುಗಿ, ಸಂಡೂರಿನ ಗುಡ್ಡ ಇನ್ನೂ ಉಳದೈತೇನು, ಎಲ್ಲಾ ನಿನ್ನ ಕಾಲಾಗ ಬಂತೋ?" ಎನ್ನುವರು. ಗೇಟಿನ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಹೋದರೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಟಿವಿಯಲ್ಲಿ ಸುದ್ದಿ ಓದುವವನಿಗೆ ಎದುರುತ್ತರ ಕೊಡುತ್ತ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುವರು. ಲ್ಯಾಬಿನಲ್ಲಿ ಕೆಲಸ ಹೆಚ್ಚಾಗಿ ನಾನು ತಡವಾಗಿ ಬರುತ್ತಿದ್ದ ಒಂದು ವಾರ, ಎದುರು ಮನೆಯಾಕೆ ಬೀದಿಗೆ ಕೇಳುವಂತೆ ಏನೋ ಅಂದಳು. ಅಮ್ಮ ಎದ್ದು ಗೇಟಿಗೆ ಹೋದರು. "ನಮ್ಮ ಹುಡುಗಿ ದುಡಿದು ಬರ್ತಾಳವಾ. ನಿನ್ನ ಮಗನಂಗ ಹಗಲೆಲ್ಲಾ ಕಟ್ಟಿ ಮ್ಯಾಲ ಕುಂದ್ರಂಗಿಲ್ಲ," ಎಂದರು. ನಮ್ಮ ಹುಡುಗಿ ಎಂಬ ಆ ಮಾತನ್ನು ಮೇಲಕ್ಕೆ ಒಯ್ದು ಬಹಳ ಹೊತ್ತು ಇಟ್ಟುಕೊಂಡಿದ್ದೆ.

ಒಂದು ಸಂಜೆ ತೊಳೆದ ಕಾಲು ಒದ್ದೆಯಿದ್ದಂತೆಯೇ ಹತ್ತಿ ಜಾರಿ ಬಿದ್ದೆ. ಮೊಣಕಾಲು ತರಚಿತು. ಅಮ್ಮ ಅರಿಶಿನ ತಂದು ತಾವೇ ಹಚ್ಚಿದರು, ಮಗುವಿಗೆ ಮಾಡುವಂತೆ ಊದಿದರು.

ಮುಂದಿನ ಭಾನುವಾರ ಗಾಯ ನೋಡಲು ಬುಕ್ಕಸಾಗರದಿಂದ ಅವ್ವ ಬಂದಳು. ಅವ್ವ ಗದ್ದೆ ಕೆಲಸದವಳು. ಹಸಿಮೆಣಸಿನಕಾಯಿ, ಒಂದು ಬಾಳೆಗೊನೆ ಹೊತ್ತು ತಂದಿದ್ದಳು. ಅಮ್ಮ ಕುರ್ಚಿ ತೋರಿಸಿದರು. "ಇಲ್ಲೇ ತಂಪೈತ್ರಿ," ಎಂದು ಅವ್ವ ನೆಲದ ಮೇಲೆ ಕುಳಿತಳು.

"ಬುಕ್ಕಸಾಗರಕ್ಕ ನಮ್ಮವ್ರು ಭತ್ತ ತರಾಕ ಹೋಗ್ತಿದ್ರು," ಅಂದರು ಅಮ್ಮ. "ಊರಾಗ ಯಾ ಕಡಿ ನಿಮ್ಮ ಮನಿ?"

"ಊರಾಗಲ್ರಿ ಅಮ್ಮಾರ. ಕಾಲುವಿ ದಾಟಿದ ಮ್ಯಾಲ ನಮ್ಮ ಓಣಿ. ಬುದ್ಧನ ಗುಡಿ ಐತಲ್ರಿ, ಅದರ ಬಾಜೂಕ."

"ಹೌದಾ," ಎಂದರು ಅಮ್ಮ. ಆಮೇಲೆ ಸೊಸೆಗೆ ಚಹಾ ತರಲು ಹೇಳಿ ತಾವೂ ಒಳಗೆ ಹೋದರು.

ಚಹಾ ಕಾಗದದ ಕಪ್ಪಿನಲ್ಲಿ ಬಂತು. ಅವ್ವ ಕುಡಿದು, ಕಪ್ಪನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ, "ಅಲ್ಲೇ ಬಿಡಬೇಕಿತ್ತು, ಅವರೇ ಎಸೀತಿದ್ರು," ಎಂದೆ. "ಇರಲಿ ಬಿಡವಾ. ಅವರ್ಯಾಕ ಎತ್ತಬೇಕು," ಎಂದಳು. ಅವ್ವನ ಸಂಕೋಚ ಎಂದುಕೊಂಡೆ.

ಮರುದಿನದಿಂದ ಅಮ್ಮ ಹೊಲಿಯಲು ಕುಳಿತರು. ಮೆಟ್ಟಿಲಿಗೆ ಕೌದಿ. ಪ್ರತಿ ಮೆಟ್ಟಿಲಿಗೂ ಅದರದೇ ಅಳತೆಯ ತುಂಡು. ಅಡಿಗೆ ಮಿಲ್ಲಿನ ಗೋಣಿ, ನಡುವೆ ಹಳೆಯ ಪಂಚೆ, ಮೇಲೆ ಸೀರೆ. ಮೆಟ್ಟಿಲ ಅಂಚಿಗೆ ಮಡಚಿಕೊಳ್ಳುವ ಕಡೆ ಜಾರದ ಹಾಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಒಂದು ಬದಿಯಲ್ಲಿ ಕಟಾಂಜನದ ಕಂಬಿಗೆ ಕಟ್ಟಲು ಲಾಡಿ. ಗೋಡೆಯ ಬದಿಯಲ್ಲಿ ಕಟ್ಟಲು ಏನೂ ಇಲ್ಲವಲ್ಲ, ಅಲ್ಲಿ ಭಾರಕ್ಕೆ ಮರಳು ತುಂಬಿದ ಪುಟ್ಟ ಚೀಲ. ಬೇಕೆಂದಾಗ ಹಾಸಬಹುದು, ಬೇಡವೆಂದಾಗ ತೆಗೆಯಬಹುದು.

"ನೀ ಮತ್ತ ಜಾರಬಾರದಂತ," ಎಂದರು.

ಎದುರಿಗೆ ಕುಳಿತು ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. "ಕೆಳಗಿಡು, ತಗೋತೀನಿ," ಎನ್ನುತ್ತಿದ್ದರು. ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದೆಂಬ ನಂಬಿಕೆ ನಮ್ಮ ಮನೆಯಲ್ಲೂ ಇದೆ. ಕೆಳಗಿಡುತ್ತಿದ್ದೆ.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಅವರು ಕತ್ತರಿಸಿದ್ದು ಗಿಳಿಹಸಿರು ಬಣ್ಣದ ಇಳಕಲ್ ಸೀರೆ. ಅದನ್ನು ಅವರು ಉಟ್ಟದ್ದು ನೋಡಿದ್ದೆ. "ಇಂಥಾ ಸೀರಿ ಕಾಲ ಕೆಳಗ ಯಾಕ್ರಿ ಅಮ್ಮಾ?" ಎಂದೆ. ದಾರ ಉಗುರಿಗೆ ಸಿಕ್ಕಿತ್ತು, ಹಲ್ಲಿನಿಂದ ಬಿಡಿಸಿಕೊಂಡು, "ಸೀರಿ ನಂದು, ಕಾಲು ನಿಂದು. ನಡೀತತಿ ಬಿಡು," ಎಂದು ನಕ್ಕರು.

ನಮ್ಮ ಕಡೆ ಕೌದಿ ಹೊಲಿಯುವುದು ಮನೆಯ ಮಕ್ಕಳಿಗೆ, ಬಾಣಂತಿಗೆ. ನನ್ನ ಕಾಲಿಗೆಂದು ಒಬ್ಬರು ತಮ್ಮ ಸೀರೆ ಕತ್ತರಿಸಿದರು. ಫೋನಿನಲ್ಲಿ ಅವ್ವನಿಗೆ ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಅವ್ವ, "ಹ್ಞೂಂ. ಹುಷಾರಾಗಿ ಹತ್ತು," ಎಂದಳು.

ಸೋಮವಾರ ಬೆಳಿಗ್ಗೆ ಪೂಜೆಗೆ ಮುಂಚೆ ಅಮ್ಮ ಕೌದಿಗಳನ್ನೆಲ್ಲ ಬಿಚ್ಚಿ ಹಿತ್ತಲ ಕಲ್ಲಿನ ಮೇಲೆ ತೊಳೆದು ಹಾಕುತ್ತಿದ್ದರು. ನಾನು ಕೆಲಸದಿಂದ ಬರುವಷ್ಟರಲ್ಲಿ ಒಣಗಿ ಮತ್ತೆ ಮೆಟ್ಟಿಲ ಮೇಲಿರುತ್ತಿದ್ದವು. ನೆಂಟರು ಬರುವ ದಿನ ಅವನ್ನು ಹಾಸುತ್ತಲೇ ಇರಲಿಲ್ಲ. ಕಲ್ಲಿನ ಚೆಲುವು ಕಾಣಲೆಂದು ಎಂದು ನಾನೇ ಕಾರಣ ಹುಡುಕಿಕೊಂಡಿದ್ದೆ. ಸಂಜೆಯ ರೊಟ್ಟಿ ಈಗ ಡಬ್ಬಿಯಲ್ಲಿ ಮೊದಲ ಮೆಟ್ಟಿಲ ಮೇಲೆ ಇರುತ್ತಿತ್ತು. ಅದಕ್ಕೂ ಒಂದು ಕಾರಣ ಹುಡುಕಿಕೊಂಡಿದ್ದೆ: ದಣಿದು ಬಂದವಳು ಮೇಲೆ ಹೋಗಿ ಆರಾಮಾಗಿ ತಿನ್ನಲಿ ಎಂದು.

ಒಂದು ರಜೆಯ ದಿನ ಕಂಪ್ಲಿಯಿಂದ ಅವರ ತಂಗಿ ಬಂದಿದ್ದರು, ಮೊದಲೇ ಹೇಳದೆ. ಕೌದಿ ಮೆಟ್ಟಿಲ ಮೇಲೇ ಇತ್ತು. ನಾನು ನೀರಿನ ಕೊಡ ಹಿಡಿದು ಇಳಿಯುತ್ತಿದ್ದವಳು ಮೇಲಿನ ತಿರುವಿನಲ್ಲಿ ನಿಂತೆ.

"ಇಂಥಾ ಕಲ್ಲಿನ ಮ್ಯಾಲ ಗೋಣಿಚೀಲ ಹೊಚ್ಚೀಯಲ್ಲಕ್ಕಾ," ಎನ್ನುತ್ತಿದ್ದರು ತಂಗಿ. "ಭಾವ ನೋಡಿದ್ರ ಅಳತಿದ್ರು."

"ಮ್ಯಾಲಿನ ಹುಡುಗಿ ಓಡಾಡ್ತಾಳಲ್ಲ. ದೇವರ ಕ್ವಾಣಿ ಮಗ್ಗಲದಾಗ ಐತಿ ಮೆಟ್ಲು. ಕಲ್ಲಾದ್ರ ದಿನಾ ತೊಳೀಬೇಕು. ಇದಾದ್ರ ಎತ್ತಿಟ್ರ ಮುಗೀತು."

"ಅಂಥವ್ರನ್ನ ಯಾಕ ಇಟ್ಕೊಂಡಿ? ಮನಿ ಬಿಡಸಿಬಿಡು."

"ಏ, ಹಂಗನಬ್ಯಾಡ. ಹುಡುಗಿ ಭಾಳ ಚಲೋ ಅದಾಳ. ನಮ್ಮ ಮಂದ್ಯಾಗ ಹುಟ್ಟಿದ್ರ ನಿನ್ನ ಮಗಗ ನಾನೇ ತರತಿದ್ದೆ."

ತಂಗಿ ನಕ್ಕರು. ಅಮ್ಮ ನಗಲಿಲ್ಲ, ಅವರು ಮನಸ್ಸಿನಿಂದಲೇ ಹೇಳಿದ್ದರು.

ನಾನು ಕೊಡ ಹಿಡಿದು ಹಿಂದಕ್ಕೆ ಹತ್ತಿದೆ. ಸೂಜಿ, ಡಬ್ಬಿ, ಕಾಗದದ ಕಪ್ಪು ಎಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕುಳಿತವು. ಅವ್ವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವ್ವ ನನಗೆ ಹೇಳಲಿಲ್ಲ.

ಕೂಡಲೇ ಮನೆ ಬಿಡಬೇಕಿತ್ತು ಎನ್ನುವವರು ಈ ಊರಲ್ಲಿ ಮನೆ ಹುಡುಕಿದವರಲ್ಲ. ಬಿಡದಿರಲು ಇನ್ನೊಂದು ಕಾರಣವೂ ಇತ್ತು. ಅವರ ಬಾಯಿಂದ ನನ್ನೆದುರಿಗೇ ಒಂದು ಮಾತು ಬರಬೇಕಿತ್ತು. ಯಾವ ಮಾತು ಎಂದು ನನಗೂ ಸ್ಪಷ್ಟವಿರಲಿಲ್ಲ. ದಿನವೂ ಕೌದಿಯ ಮೇಲೆ ಹತ್ತಿದೆ, ಇಳಿದೆ. ಅವರ ತಮಾಷೆಗೆ ಮೊದಲಿನಂತೆ ನಕ್ಕೆ. ಹಾಗೆ ನಗುವುದು ಬಹಳ ಸುಲಭ, ಅಭ್ಯಾಸವಾಗಿಬಿಡುತ್ತದೆ.

ಚಳಿಗಾಲದಲ್ಲಿ ನನಗೆ ಜ್ವರ ಬಂತು. ಎರಡು ದಿನ ನಾನು ಬಸ್ಸಿಗೆ ಹೋಗದ್ದನ್ನು ಗಮನಿಸಿ ಅಮ್ಮ ಮೇಲೆ ಬಂದರು. ಮೊಣಕಾಲು ನೋವಿನವರು, ಕಟಾಂಜನ ಹಿಡಿದು ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಬಂದರು. ನನ್ನ ತಲೆದೆಸೆಯಲ್ಲಿ ಕುಳಿತು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದರು, ಗಂಜಿ ಕುಡಿಸಿದರು. ಬಟ್ಟೆ ಜಾರಿದಾಗ ಆ ಸೀಳು ಉಗುರು ನನ್ನ ಹಣೆಗೆ ತಾಗಿತು. ಇಳಿದು ಹೋದ ಸ್ವಲ್ಪ ಹೊತ್ತಿಗೆ ಕೆಳಗೆ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿತು, ತಂಬಿಗೆಯ ಮೇಲೆ ತಂಬಿಗೆ.

ಮಧ್ಯಾಹ್ನ ಮತ್ತೆ ಬಂದರು. ಮತ್ತೆ ಆ ಸದ್ದು. ಸೊಸೆ, "ಅತ್ತೀ, ಈ ಥಂಡ್ಯಾಗ ಎಷ್ಟ ಸಲ ಮೈ ತೊಳೀತೀರಿ? ಮ್ಯಾಲ ನಾನು ಹೋಗ್ತೀನಿ ಬಿಡ್ರಿ," ಎಂದದ್ದು ಕೇಳಿತು. "ನಿನಗ ಗಂಜಿ ಕುಡಸಾಕ ಬರಂಗಿಲ್ಲ," ಎಂದರು ಅಮ್ಮ.

ಸಂಜೆ ಬಂದಾಗ ಅವರ ಕೂದಲ ತುದಿ ಒದ್ದೆಯಿತ್ತು. ಜ್ವರದಲ್ಲಿ ನನಗೆ ಅಷ್ಟು ಧೈರ್ಯ ಬಂದಿರಬೇಕು.

"ಅಮ್ಮಾ, ಕೆಳಗ ಹೋಗಿ ಮತ್ತ ಸ್ನಾನ ಮಾಡಬೇಕಲ್ಲ. ಯಾಕ ಬರ್ತೀರಿ?"

ಅವರು ಬಟ್ಟೆ ಹಿಂಡುತ್ತಿದ್ದರು. ಹಿಂಡಿದ ಮೇಲೂ ಹಿಂಡಿದರು. ನನಗೆ ಗೊತ್ತಿದೆ ಎಂಬುದು ಅವರಿಗೆ ಆ ಕ್ಷಣ ಗೊತ್ತಾಯಿತು. ಮುಖದ ಬಣ್ಣ ಬದಲಾಗಲಿಲ್ಲ.

"ಹ್ಞೂಂ, ಮಾಡಬೇಕು," ಎಂದರು. "ಬರೂದೂ ಬರಬೇಕು."

ಬಟ್ಟೆಯನ್ನು ಹಣೆಗೆ ಹಾಕಿ, ಅಂಚು ಸರಿಮಾಡಿ, ಇಳಿದು ಹೋದರು. ನಾನು ಕಾದಿದ್ದ ಮಾತು ಅದೇ ಇರಬಹುದು. ಅದಕ್ಕಿಂತ ಹೆಚ್ಚಿನದು ಅವರಲ್ಲಿ ಇರಲಿಲ್ಲ. ಕೆಳಗೆ ನೀರಿನ ಸದ್ದು ಶುರುವಾದಾಗ ಕಿವಿ ಮುಚ್ಚಿಕೊಂಡೆ. ನನ್ನನ್ನು ಮುಟ್ಟಿದ್ದಕ್ಕೆ ಒಬ್ಬ ಮುದುಕಿ ಆ ಚಳಿಯಲ್ಲಿ ತಣ್ಣೀರು ಹೊಯ್ದುಕೊಳ್ಳುತ್ತಿದ್ದಳು. ನಾಳೆ ಬೆಳಿಗ್ಗೆ ಮತ್ತೆ ಮುಟ್ಟಲು ಬರುವವಳಿದ್ದಳು. ಅದಕ್ಕೆ ಸಿಟ್ಟಾಗಬೇಕೋ ಕೈ ಮುಗಿಯಬೇಕೋ ಯಾರೂ ನನಗೆ ಕಲಿಸಿರಲಿಲ್ಲ. ಜ್ವರ ಇಳಿಯಿತು. ಅಮ್ಮ ವಾರವಿಡೀ ಕೆಮ್ಮಿದರು.

ಬೇಸಿಗೆಯ ಒಂದು ಭಾನುವಾರ ನನಗೆ ಡ್ಯೂಟಿ ಇತ್ತು. ಮಧ್ಯಾಹ್ನ ಸೊಸೆಯ ಫೋನು ಬಂತು. "ಅತ್ತಿ ಹೋದ್ರು ರೀ. ಉಂಡು ಕುಂತವರು ಕುಂತಂಗ." ಕಂಪನಿ ಜೀಪಿನಲ್ಲಿ ಸಂಡೂರಿಗೆ, ಅಲ್ಲಿಂದ ಬಸ್ಸು ಹಿಡಿದು ಬಂದೆ. ಗೇಟಿನ ತುಂಬ ಚಪ್ಪಲಿಗಳು. ನಲ್ಲಿಯಲ್ಲಿ ಕಾಲು ತೊಳೆದು ಹೊಸ್ತಿಲಲ್ಲಿ ನಿಂತೆ.

ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬಲಗೈ ತೊಡೆಯ ಮೇಲಿತ್ತು, ಹೆಬ್ಬೆರಳು ಕಾಣುತ್ತಿತ್ತು. ನೆಂಟರಿಗಾಗಿ ಮೆಟ್ಟಿಲನ್ನು ಬರಿದು ಮಾಡಿದ್ದರು. ಆ ಕೈಯನ್ನು ಒಂದು ಸಲ ಮುಟ್ಟಬೇಕು ಎಂಬುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಆಗ ಕಂಪ್ಲಿಯ ತಂಗಿ ನನ್ನನ್ನು ನೋಡಿದರು. "ಮ್ಯಾಲಿನ ಹುಡುಗಿ ಬಂದಾಳ. ಕೌದಿ ಹಾಸ್ರಿ ಯಾರಾದ್ರೂ," ಎಂದರು. ದನಿಯಲ್ಲಿ ಕೆಡುಕಿರಲಿಲ್ಲ. ನೀರು ತನ್ನಿ ಎನ್ನುವಂತೆ ಹೇಳಿದರು.

ಸೊಸೆ ಎದ್ದಳು. ಅತ್ತು ಕಣ್ಣು ಊದಿತ್ತು. ಹಿತ್ತಲಿನಿಂದ ಕೌದಿಗಳ ಗಂಟು ತಂದು ಕೆಳಗಿನಿಂದ ಮೇಲಕ್ಕೆ ಹಾಸುತ್ತ ಹೋದಳು, ಲಾಡಿ ಕಟ್ಟುತ್ತ, ಮರಳಿನ ಚೀಲ ಸರಿಸುತ್ತ. ಅಷ್ಟು ಹೊತ್ತು ಅಳು ನಿಂತಿತ್ತು. ಎಲ್ಲರೂ ಅವಳ ಕೈ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. ಕೊನೆಯ ಲಾಡಿ ಕಟ್ಟಿ ಅವಳು ಇಳಿದು ಬಂದ ಮೇಲೆ, ಅಮ್ಮನ ಮುಂದಿನಿಂದ ಹಾದು ನಾನು ಹತ್ತಿದೆ. ಅವರ ಕೈ ಮುಟ್ಟಲಿಲ್ಲ. ಬಾಗಿಲು ಹಾಕಿಕೊಂಡೆ. ಕೆಳಗೆ ಅಳು ಮತ್ತೆ ಶುರುವಾಯಿತು. ಹೊತ್ತು ಮುಳುಗುವ ಮುಂಚೆ ಅವರನ್ನು ಒಯ್ದದ್ದನ್ನು ಕಿಟಕಿಯಿಂದ ನೋಡಿದೆ.

ಮರುದಿನ ಸೋಮವಾರ. ಬೆಳಕು ಹರಿಯುತ್ತಲೇ ಎದ್ದು ಮೇಲಿನಿಂದ ಒಂದೊಂದಾಗಿ ಲಾಡಿ ಬಿಚ್ಚಿದೆ. ಗಿಳಿಹಸಿರಿನದು ಮೊದಲು ಬಂತು. ಎಲ್ಲವನ್ನೂ ಹಿತ್ತಲ ಕಲ್ಲಿಗೆ ಒಯ್ದು, ಅವರು ತೊಳೆಯುತ್ತಿದ್ದ ಹಾಗೆಯೇ, ಮರಳಿನ ಚೀಲ ನೆನೆಯದಂತೆ ಹೊರಗೆ ಮಡಚಿ, ತೊಳೆದೆ. ತಂತಿಯ ಮೇಲೆ ಹರವಿದೆ. ಸೊಸೆ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ನೀವ್ಯಾಕ ತೊಳದ್ರಿ? ಇರಲಿ, ಒಣಗಿದ ಮ್ಯಾಲ ನಾನೇ ಹಾಸ್ತೀನಿ."

"ಬ್ಯಾಡ್ರಿ. ಇನ್ನ ಮ್ಯಾಲ ಹಾಸಬ್ಯಾಡ್ರಿ."

"ಕಲ್ಲು ಜಾರ್ತತಿ."

"ಕಟಾಂಜನ ಹಿಡ್ಕೋತೀನಿ."

ಬಸ್ಸಿಗೆ ಹೊತ್ತಾಗಿತ್ತು. ಪಡಸಾಲೆ ದಾಟಿ, ದೇವರ ಕೋಣೆಯ ಪಕ್ಕದಿಂದ ಬರಿಗಲ್ಲಿನ ಮೇಲೆ ಹತ್ತಿದೆ. ಚೀಲ ತೆಗೆದುಕೊಂಡು ಇಳಿದೆ. ಕಾಲು ಇನ್ನೂ ಒದ್ದೆಯಿತ್ತು. ಹತ್ತಿದ ಹೆಜ್ಜೆ, ಇಳಿದ ಹೆಜ್ಜೆ ಕಪ್ಪು ಕಲ್ಲಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಒರೆಸಲಿಲ್ಲ.